ಹಕ್ಕಿಗೂ ಉಂಟು ಮೂಗು!

ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ ಕೆರ್ಗುಲೆನ್ ಎಂಬ ದ್ವೀಪಗಳ ಗುಂಪಿದೆ. ಅಲ್ಲಿ ಗಾಳಿಗೆ ಬಿಡುವೆಂಬುದೇ ಇಲ್ಲ. ಚಂದ್ರನಿಲ್ಲದ ರಾತ್ರಿ, ಕಗ್ಗತ್ತಲು. ಪಾರಿವಾಳಕ್ಕಿಂತ ಚಿಕ್ಕದಾದ ಬೂದುನೀಲಿ ಹಕ್ಕಿಯೊಂದು ದೂರದ ಕಡಲಲ್ಲಿ ಹೊಟ್ಟೆ ತುಂಬಿಸಿಕೊಂಡು ಹಿಂತಿರುಗಿದೆ. ಹೆಸರು ಅಂಟಾರ್ಕ್ಟಿಕ್ ಪ್ರಿಯಾನ್. ಹಗಲಲ್ಲಿ ಬಂದರೆ ಸ್ಕೂವಾ ಎಂಬ ಬೇಟೆಗಾರ ಹಕ್ಕಿ ಹಿಡಿದು ತಿನ್ನುತ್ತದೆ. ಅದಕ್ಕೇ ಈ ಕತ್ತಲ ಪಯಣ. ಅದರ ಮನೆ ನೆಲದೊಳಗಿನ ಬಿಲ. ಸುತ್ತ ನೋಡಿದರೆ ಎಲ್ಲೆಲ್ಲೂ ಅಂಥವೇ ಬಿಲಗಳು, ಒಂದರ ಪಕ್ಕ ಇನ್ನೊಂದು. ಹಕ್ಕಿ ಇಳಿಯಿತು. ನಾಲ್ಕು ಹೆಜ್ಜೆ ಹಾಕಿತು. ತನ್ನ ಜೋಡಿ ಕಾವು ಕೂತಿರುವ ಬಿಲಕ್ಕೇ ನೇರವಾಗಿ ನುಗ್ಗಿತು!

ಹೇಗೆ ಸಾಧ್ಯ? ಕಣ್ಣಿಗೆ ಬೆಳಕಿಲ್ಲ. ಬಿಲದ ಬಾಯಿಗೆ ಗುರುತಿನ ಹಲಗೆಯಿಲ್ಲ. ಇದ್ದದ್ದು ಒಂದೇ: ವಾಸನೆ. ಫ್ರಾನ್ಸೆಸ್ಕೊ ಬೊನಾದೊನ್ನಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇಂಥ ಕಡಲಹಕ್ಕಿಗಳ ಮೂಗು ಕೆಲವು ಕಾಲ ಕೆಲಸ ಮಾಡದಂತೆ ಮಾಡಿ ನೋಡಿದರು. ಕತ್ತಲಲ್ಲಿ ಮನೆಗೆ ಬರುವ ಜಾತಿಗಳು ಬಿಲ ಸಿಗದೆ ಕಂಗಾಲಾದವು. 2004ರಲ್ಲಿ ಬೊನಾದೊನ್ನಾ ಮತ್ತು ಅಮೆರಿಕದ ಗೇಬ್ರಿಯೆಲ್ ನೆವಿಟ್ ಇನ್ನೂ ಬೆರಗಿನ ಪರೀಕ್ಷೆಯೊಂದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದ ಪೆಟ್ಟಿಗೆ. ಒಂದು ಕವಲಿನ ತುದಿಯಲ್ಲಿ ಪ್ರಿಯಾನಿನ ಜೋಡಿಯ ಮೈವಾಸನೆ ಹೊತ್ತ ಬಟ್ಟೆಚೀಲ. ಇನ್ನೊಂದರಲ್ಲಿ ಬೇರೊಂದು ಪ್ರಿಯಾನಿನ ವಾಸನೆ. ಹಕ್ಕಿಯನ್ನು ಬುಡದಲ್ಲಿ ಬಿಟ್ಟರು. ಬಹುಪಾಲು ಹಕ್ಕಿಗಳು ಜೋಡಿಯ ವಾಸನೆಯ ಕಡೆಗೇ ನಡೆದವು. ತನ್ನದೇ ವಾಸನೆ ಒಂದು ಕಡೆ, ಜೋಡಿಯದು ಇನ್ನೊಂದು ಕಡೆ ಇಟ್ಟರೂ ಆಯ್ಕೆ ಜೋಡಿಯದೇ! ಅಂದರೆ ಈ ಪುಟ್ಟ ಜೀವಕ್ಕೆ ‘ಇದು ನಾನು’, ‘ಇದು ನನ್ನ ಸಂಗಾತಿ’, ‘ಇವರು ಯಾರೋ ಬೇರೆಯವರು’ ಎಂಬುದೆಲ್ಲ ಮೂಗಿನಿಂದಲೇ ಗೊತ್ತು.

ಈಗ ಇನ್ನೊಂದು ಅಚ್ಚರಿ ಕೇಳಿ. ಹಕ್ಕಿಗಳಿಗೆ ವಾಸನೆ ತಿಳಿಯುವುದೇ ಇಲ್ಲ, ತಿಳಿದರೂ ಅತ್ಯಲ್ಪ ಎಂದು ವಿಜ್ಞಾನಲೋಕ ನೂರು ವರ್ಷಕ್ಕೂ ಮಿಕ್ಕಿ ನಂಬಿತ್ತು. ಪಠ್ಯಪುಸ್ತಕಗಳು ಹಾಗೇ ಬರೆದವು, ಮೇಷ್ಟ್ರುಗಳು ಹಾಗೇ ಕಲಿಸಿದರು. ಎಲ್ಲರ ಕಣ್ಣೆದುರಿಗೇ ಹಾರಾಡುತ್ತಿದ್ದ ಇಷ್ಟು ದೊಡ್ಡ ಸತ್ಯ ಯಾರಿಗೂ ಕಾಣದೇ ಹೋದದ್ದು ಹೇಗೆ?

ಚಿತ್ರದ ಕುರಿಗೆ ಕುಕ್ಕಿದ ಹದ್ದುಗಳು

ಕಥೆ ಶುರುವಾಗುವುದು ಜಾನ್ ಜೇಮ್ಸ್ ಆಡುಬಾನ್ ಅವರಿಂದ. ಅಮೆರಿಕದ ಹಕ್ಕಿಗಳನ್ನು ನಿಜಗಾತ್ರದ ಚಿತ್ರಗಳಲ್ಲಿ ಹಿಡಿದಿಟ್ಟ ಮಹಾ ಕಲಾವಿದ ಅವರು. ರಣಹದ್ದು ಸತ್ತ ಪ್ರಾಣಿಯನ್ನು ಮೂಗಿನಿಂದ ಪತ್ತೆ ಮಾಡುತ್ತದೆ ಎಂದು ಆ ಕಾಲದ ಜನ ನಂಬಿದ್ದರು. ಆಡುಬಾನ್ ಪರೀಕ್ಷೆಗಿಳಿದರು. ಜಿಂಕೆಯ ಚರ್ಮಕ್ಕೆ ಒಣಹುಲ್ಲು ತುಂಬಿ ಬಯಲಲ್ಲಿ ಮಲಗಿಸಿದರು. ಹದ್ದು ಬಂತು, ಹೊಲಿಗೆ ಕಿತ್ತಿತು, ಹುಲ್ಲು ಎಳೆಯಿತು. ಆಮೇಲೆ ಕೊಳೆತು ನಾರುವ ಹಂದಿಯೊಂದನ್ನು ಹಳ್ಳದಲ್ಲಿಟ್ಟು ಮೇಲೆ ಗಿಡಗಂಟಿ ಮುಚ್ಚಿದರು. ಹದ್ದುಗಳು ಮೇಲೆ ಹಾರಿ ಹೋದವೇ ಹೊರತು ಒಂದೂ ಇಳಿಯಲಿಲ್ಲ. 1826ರಲ್ಲಿ ಎಡಿನ್‌ಬರೊದ ವಿದ್ವಾಂಸರ ಮುಂದೆ ಆಡುಬಾನ್ ತೀರ್ಪು ಕೊಟ್ಟರು: ಹದ್ದಿಗೆ ಕಣ್ಣೇ ಎಲ್ಲ, ಮೂಗು ಏನೂ ಅಲ್ಲ.

ಅವರ ಗೆಳೆಯ ಜಾನ್ ಬಾಕ್‌ಮನ್ ಕೆಲವು ವರ್ಷಗಳ ನಂತರ ಅಮೆರಿಕದ ಚಾರ್ಲ್ಸ್‌ಟನ್ ನಗರದಲ್ಲಿ ಇನ್ನೂ ಮುಂದೆ ಹೋದರು. ಹೊಟ್ಟೆ ಸೀಳಿದ ಕುರಿಯ ಚಿತ್ರವೊಂದನ್ನು ಬರೆಸಿ ನೆಲದ ಮೇಲಿಟ್ಟರು. ಹದ್ದುಗಳು ಇಳಿದು ಬಣ್ಣವನ್ನೇ ಕುಕ್ಕಿದವು! ಕೆಲವೇ ಅಡಿ ದೂರದಲ್ಲಿ ನಿಜವಾದ ಮಾಂಸ ಮರೆಯಲ್ಲಿತ್ತು. ಅದರತ್ತ ಅವು ಸುಳಿಯಲೇ ಇಲ್ಲ. ಎಡಿನ್‌ಬರೊದಲ್ಲಿ ಆಡುಬಾನ್ ಅವರ ಉಪನ್ಯಾಸಗಳನ್ನು ಕೇಳಿದ್ದ ಹುಡುಗನೊಬ್ಬ ಮುಂದೆ ಚಿಲಿ ದೇಶದ ವಾಲ್ಪರೈಸೊದಲ್ಲಿ, ಗೋಡೆಯ ಬುಡದಲ್ಲಿ ಸಾಲಾಗಿ ಕಟ್ಟಿಹಾಕಿದ್ದ ಕಾಂಡೊರ್ ಹದ್ದುಗಳ ಮುಂದೆ ಬಿಳಿ ಕಾಗದದಲ್ಲಿ ಸುತ್ತಿದ ಮಾಂಸ ಹಿಡಿದು ಅತ್ತಿಂದಿತ್ತ ಓಡಾಡಿದ. ಅವು ತಿರುಗಿಯೂ ನೋಡಲಿಲ್ಲ. ಪೊಟ್ಟಣವನ್ನು ಕೋಲಿನಿಂದ ತಳ್ಳಿ ಒಂದು ಹದ್ದಿನ ಕೊಕ್ಕಿಗೇ ತಾಗಿಸಿದಾಗ ಮಾತ್ರ ಅದು ರಭಸದಿಂದ ಕಾಗದ ಹರಿಯಿತು. ಆ ಹುಡುಗನ ಹೆಸರು ಚಾರ್ಲ್ಸ್ ಡಾರ್ವಿನ್!

ಆಡುಬಾನ್, ಬಾಕ್‌ಮನ್, ಡಾರ್ವಿನ್. ಇಂಥವರ ಮಾತಿಗೆ ಎದುರಾಡುವವರು ಯಾರು? ಇಂಗ್ಲೆಂಡಿನ ಚಾರ್ಲ್ಸ್ ವಾಟರ್ಟನ್ ಎಂಬ ನಿಸರ್ಗಪ್ರೇಮಿ ಎದುರಾಡಿದರು, ಪತ್ರಿಕೆಗಳಲ್ಲಿ ಕೂಗಾಡಿದರು. ಕೇಳುವವರಿರಲಿಲ್ಲ.

ಹಾಗಾದರೆ ಆಡುಬಾನ್ ಎಡವಿದ್ದು ಎಲ್ಲಿ? ಅಮೆರಿಕದಲ್ಲಿ ಎರಡು ಬಗೆಯ ರಣಹದ್ದುಗಳು ಒಂದೇ ಆಕಾಶದಲ್ಲಿ ಸುತ್ತುತ್ತವೆ. ಒಂದು ಟರ್ಕಿ ರಣಹದ್ದು, ತಲೆ ಕೆಂಪು. ಇನ್ನೊಂದು ಕಪ್ಪು ರಣಹದ್ದು. ಆಡುಬಾನ್ ಬರೆದದ್ದು ಟರ್ಕಿ ರಣಹದ್ದಿನ ಬಗ್ಗೆ. ಅವರ ಪರೀಕ್ಷೆಗೆ ಬಂದದ್ದು ಬಹುಶಃ ಕಪ್ಪು ರಣಹದ್ದು ಎಂದು ಈಗಿನ ತಜ್ಞರು ಹೇಳುತ್ತಾರೆ. ಕಪ್ಪು ಹದ್ದು ನೆಚ್ಚುವುದು ಕಣ್ಣನ್ನೇ. ಸಾಲದ್ದಕ್ಕೆ, ಟರ್ಕಿ ಹದ್ದಿಗೆ ತೀರಾ ಕೊಳೆತ ಮಾಂಸ ಬೇಡ. ಅದಕ್ಕೆ ಬೇಕಾದದ್ದು ಸತ್ತು ಒಂದೆರಡು ದಿನವಾದದ್ದು. ಹಕ್ಕಿಯೂ ಬೇರೆ, ಮಾಂಸವೂ ತಪ್ಪು! ಅಷ್ಟರಿಂದಲೇ ಇಡೀ ಪಕ್ಷಿಸಂಕುಲದ ಮೂಗಿಗೆ ಬೀಗ ಬಿತ್ತು.

ಗ್ಯಾಸ್ ಸೋರಿದಲ್ಲಿ ಹದ್ದು

ಬೀಗ ತೆಗೆದದ್ದು ಒಂದು ಗಬ್ಬು ವಾಸನೆ. ಅದು ನಿಮಗೂ ಗೊತ್ತು. ಅಡುಗೆಮನೆಯಲ್ಲಿ ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುತ್ತದಲ್ಲ, ಅದೇ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿಕೆ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕವನ್ನು ತೊಟ್ಟು ಬೆರೆಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅನಿಲದ ಕೊಳವೆಗಳಿಗೂ ಇದನ್ನು ಬೆರೆಸಿದಾಗ ಕೆಲಸಗಾರರು ಒಂದು ವಿಚಿತ್ರ ಗಮನಿಸಿದರು. ಮೈಲುಗಟ್ಟಲೆ ಉದ್ದದ ಕೊಳವೆಯಲ್ಲಿ ಎಲ್ಲಿ ತೂತು ಬಿದ್ದಿದೆಯೋ ಅದರ ಮೇಲೆ ಟರ್ಕಿ ರಣಹದ್ದುಗಳು ಗಿರಕಿ ಹೊಡೆಯುತ್ತಿದ್ದವು. ಸೋರಿಕೆ ಹುಡುಕುವವರು ಆಕಾಶ ನೋಡಿ ಜಾಗ ಗುರುತಿಸುತ್ತಿದ್ದರು!

ಲಾಸ್ ಏಂಜಲಿಸ್ ವಸ್ತುಸಂಗ್ರಹಾಲಯದ ಕೆನೆತ್ ಸ್ಟೇಜರ್ ಕಿವಿಗೆ ಈ ಸುದ್ದಿ ಬಿತ್ತು. ಮರ್ಕ್ಯಾಪ್ಟನ್ ಎಂದರೆ ಹೆಣ ಕೊಳೆಯಲು ಶುರುವಾದಾಗ ಹೊಮ್ಮುವ ಅನಿಲಗಳ ಕುಲದ್ದೇ. ಸ್ಟೇಜರ್ ಬಯಲಿಗೆ ಹೋಗಿ, ಮಾಂಸವನ್ನೇ ಇಡದೆ ಬರೀ ಆ ವಾಸನೆಯನ್ನು ಗಾಳಿಗೆ ಬಿಟ್ಟರು. ಟರ್ಕಿ ಹದ್ದುಗಳು ಬಂದವು. ತಿನ್ನಲು ಏನೂ ಇಲ್ಲದ ಜಾಗದ ಮೇಲೆ ಸುತ್ತಿದವು. 1964ರಲ್ಲಿ ಅವರ ಗ್ರಂಥ ಬಂತು. ಆಡುಬಾನ್ ತೀರ್ಪು ಬಿದ್ದುಹೋಯಿತು.

ಪನಾಮಾದ ಬಾರೊ ಕೊಲೊರಾಡೊ ದ್ವೀಪದ ದಟ್ಟ ಕಾಡಿನಲ್ಲಿ ಡೇವಿಡ್ ಹ್ಯೂಸ್ಟನ್ ಮಾಡಿದ ಪರೀಕ್ಷೆಯಂತೂ ಮೈ ಝುಮ್ಮೆನ್ನಿಸುತ್ತದೆ. ಮರಗಳ ಚಾವಣಿ ಎಷ್ಟು ದಟ್ಟವೆಂದರೆ ಮೇಲಿನಿಂದ ನೆಲ ಕಾಣುವುದಿಲ್ಲ. ಹ್ಯೂಸ್ಟನ್ 74 ಸತ್ತ ಕೋಳಿಗಳನ್ನು ಅಲ್ಲಲ್ಲಿ ಇಟ್ಟರು. ಕೆಲವನ್ನು ತರಗೆಲೆಯಡಿ ಪೂರ್ತಿ ಮುಚ್ಚಿದರು. ಮೂರು ದಿನದೊಳಗೆ ಟರ್ಕಿ ಹದ್ದುಗಳು 71 ಕೋಳಿಗಳನ್ನು ಪತ್ತೆ ಹಚ್ಚಿದ್ದವು! 2017ರಲ್ಲಿ ವಿಜ್ಞಾನಿಗಳು ಎರಡೂ ಹದ್ದುಗಳ ಮಿದುಳು ತೆರೆದು ಅಳೆದರು. ಟರ್ಕಿ ಹದ್ದಿನ ಮಿದುಳಿನಲ್ಲಿ ವಾಸನೆಗೆಂದೇ ಇರುವ ಭಾಗ, ಅಂದರೆ ಘ್ರಾಣಕಂದ, ಕಪ್ಪು ಹದ್ದಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಮಿದುಳಿನ ಒಟ್ಟು ಗಾತ್ರದಲ್ಲಿ ಮಾತ್ರ ಕಪ್ಪು ಹದ್ದೇ ಮುಂದು. ಅದು ಆ ಮಿದುಳನ್ನು ಚೆನ್ನಾಗಿ ಬಳಸುತ್ತದೆ: ಟರ್ಕಿ ಹದ್ದು ಎಲ್ಲಿ ಇಳಿಯುತ್ತದೆಂದು ಮೇಲಿನಿಂದ ನೋಡುತ್ತಿದ್ದು, ಹಿಂದೆಯೇ ಗುಂಪಾಗಿ ಇಳಿದು ಊಟ ಕಸಿಯುತ್ತದೆ.

ನಮ್ಮ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳ ವಂಶ ಬೇರೆಯೇ. ಅವು ಗಿಡುಗಗಳ ಬಳಗ. ಬಯಲುಸೀಮೆಯ ಆಕಾಶದಲ್ಲಿ ಕಣ್ಣನ್ನೇ ನೆಚ್ಚಿ ಬದುಕುವಂಥವು. ಒಂದೇ ಕಸುಬಿಗೆ ಎರಡು ಖಂಡಗಳ ಹಕ್ಕಿಗಳು ಎರಡು ಬೇರೆ ಇಂದ್ರಿಯಗಳನ್ನು ಸಾಣೆ ಹಿಡಿದುಕೊಂಡಿವೆ!

ಚಿತ್ರ ಬರೆಯುತ್ತಾ ಸತ್ಯ ಕಂಡವರು

ಇನ್ನೊಂದು ಕಡೆ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಬೆಟ್ಸಿ ಬ್ಯಾಂಗ್ ಎಂಬ ಚಿತ್ರಕಾರ್ತಿ ಹಕ್ಕಿಗಳ ಮೂಗಿನ ಒಳಭಾಗವನ್ನು ಎಳೆ ಎಳೆಯಾಗಿ ಬರೆಯುತ್ತಿದ್ದರು. ಬರೆಯುತ್ತಾ ಬರೆಯುತ್ತಾ ಅವರಿಗೆ ಅನುಮಾನ ಬಂತು. ಕೆಲವು ಹಕ್ಕಿಗಳ ಮೂಗಿನೊಳಗೆ ಸುರುಳಿ ಸುರುಳಿಯಾದ ಅಷ್ಟು ನವಿರಾದ ಪದರಗಳಿವೆ. ಕೆಲಸವಿಲ್ಲದ ಅಂಗಕ್ಕೆ ಇಷ್ಟು ಸಿಂಗಾರವೇಕೆ? 1960ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಆ ಪ್ರಶ್ನೆ ಎತ್ತಿದರು. 1968ರಲ್ಲಿ ಸ್ಟ್ಯಾನ್ಲಿ ಕಾಬ್ ಜೊತೆ ಸೇರಿ 108 ಬಗೆಯ ಹಕ್ಕಿಗಳ ಘ್ರಾಣಕಂದವನ್ನು ಅಳೆದು, ಮಿದುಳಿನ ಅರ್ಧಗೋಳದ ಉದ್ದದೊಂದಿಗೆ ಹೋಲಿಸಿದರು. ಅಂಟಾರ್ಕ್ಟಿಕಾದ ಹಿಮಪೆಟ್ರೆಲ್ ಹಕ್ಕಿಯಲ್ಲಿ ಅದು ಶೇಕಡ 37! ಕೆಲವು ಪುಟ್ಟ ಹಾಡುಹಕ್ಕಿಗಳಲ್ಲಿ ಶೇಕಡ 3 ಮಾತ್ರ. ಇದೇ ಬೆಟ್ಸಿ ಬ್ಯಾಂಗ್ ಮುಂದೆ ಬಂಗಾಳದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಮಕ್ಕಳಿಗೆ ಹೇಳಿದರು. ಅವುಗಳಲ್ಲಿ ಒಂದು ಟುಂಟುನಿ ಎಂಬ ಸಿಂಪಿಗ ಹಕ್ಕಿಯದು.

1968ರಲ್ಲೇ ಕ್ಯಾಲಿಫೋರ್ನಿಯಾದ ಬರ್ನಿಸ್ ವೆಂಜೆಲ್ ನ್ಯೂಜಿಲೆಂಡಿನ ಕಿವಿ ಹಕ್ಕಿಯ ವಿಸ್ಮಯವನ್ನು ಬಯಲಿಗಿಟ್ಟರು. ಹಕ್ಕಿಗಳಿಗೆ ಸಾಮಾನ್ಯವಾಗಿ ಮೂಗಿನ ಹೊಳ್ಳೆ ಕೊಕ್ಕಿನ ಬುಡದಲ್ಲಿ. ಕಿವಿಗೆ ಮಾತ್ರ ಉದ್ದನೆಯ ಕೊಕ್ಕಿನ ತುದಿಯಲ್ಲಿ! ಹಾರಲಾರದ, ಕಣ್ಣು ಚಿಕ್ಕದಾದ, ರಾತ್ರಿ ಸಂಚಾರಿ. ವೆಂಜೆಲ್ ನೆಲದಲ್ಲಿ ಕೊಳವೆಗಳನ್ನು ಹೂಳಿಸಿದರು. ಕೆಲವುಗಳ ತಳದಲ್ಲಿ ಆಹಾರ, ಉಳಿದವುಗಳಲ್ಲಿ ಬರೀ ಮಣ್ಣು. ಬಾಯಿಗೆ ತೆಳು ಬಲೆ, ಅದರ ಮೇಲೆ ಮಣ್ಣಿನ ಪದರ. ಕಣ್ಣಿಗೆ ಎಲ್ಲವೂ ಒಂದೇ ಸಮ. ಬೆಳಗ್ಗೆ ನೋಡಿದರೆ ಆಹಾರವಿದ್ದ ಕೊಳವೆಗಳ ಬಲೆ ಮಾತ್ರ ಹರಿದಿತ್ತು.

ಬರಿದಾದ ಕಡಲಲ್ಲಿ ಕಾಣದ ಬೆಟ್ಟಕಣಿವೆ

ಹಾಗಾದರೆ ಹಿಮಪೆಟ್ರೆಲಿನ ಅಷ್ಟು ದೊಡ್ಡ ಘ್ರಾಣಕಂದ ಮಾಡುವುದೇನು? ಪೆಟ್ರೆಲ್, ಪ್ರಿಯಾನ್, ಆಲ್ಬಟ್ರಾಸ್‌ಗಳೆಲ್ಲ ಒಂದೇ ಕುಲ. ಮೂಗು ಕೊಕ್ಕಿನ ಮೇಲೆ ಕೊಳವೆಯಾಗಿ ಎದ್ದು ಕಾಣುತ್ತದೆ. ಸಾವಿರಾರು ಕಿಲೋಮೀಟರು ಕಡಲಿನ ಮೇಲೆ ಅಲೆಯುತ್ತವೆ. ನಮ್ಮ ಕಣ್ಣಿಗೆ ಎತ್ತ ನೋಡಿದರೂ ಒಂದೇ ನೀರು. ಅವು ಊಟವಿರುವ ಜಾಗಕ್ಕೆ ಹೋಗಿ ಸೇರುತ್ತವೆ!

ಗೇಬ್ರಿಯೆಲ್ ನೆವಿಟ್ 1990ರ ದಶಕದ ಶುರುವಿನಲ್ಲಿ ಅಂಟಾರ್ಕ್ಟಿಕಾದ ಹಡಗು ಹತ್ತಿದರು. ಹತ್ತಿಯ ಟ್ಯಾಂಪನ್‌ಗಳನ್ನು ಮೀನಿನ ವಾಸನೆಯ ದ್ರವದಲ್ಲಿ ಅದ್ದಿ ಗಾಳಿಪಟಕ್ಕೆ ಕಟ್ಟಿ ಹಾರಿಸಿ ಹಕ್ಕಿಗಳನ್ನು ಕರೆದರು. ಒಂದು ದಿನ ಬಿರುಗಾಳಿಗೆ ಹಡಗು ಓಲಾಡಿ, ನೆವಿಟ್ ಎಸೆಯಲ್ಪಟ್ಟು ಮೂತ್ರಪಿಂಡಕ್ಕೆ ಪೆಟ್ಟಾಯಿತು. ಹಡಗು ಚಿಲಿಯ ಪುಂತಾ ಅರೇನಾಸ್ ಬಂದರು ಮುಟ್ಟಿದಾಗಲೂ ಅವರು ಹಾಸಿಗೆಯಲ್ಲೇ ಇದ್ದರು. ಮುಂದಿನ ಯಾನಕ್ಕೆ ಹಡಗು ಹತ್ತಿದ ವಾಯುಮಂಡಲದ ವಿಜ್ಞಾನಿ ಟಿಮ್ ಬೇಟ್ಸ್ ಮಾತಿಗೆ ಸಿಕ್ಕರು. ಅವರು ಅಳೆಯುತ್ತಿದ್ದದ್ದು ಡೈಮಿಥೈಲ್ ಸಲ್ಫೈಡ್, ಚುಟುಕಾಗಿ ಡಿಎಂಎಸ್. ಕಡಲ ಮೇಲೆ ಅದು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಬರೆದ ನಕ್ಷೆ ಅವರ ಬಳಿಯಿತ್ತು. ನೆವಿಟ್ ನೋಡಿದರು. ಸಮತಟ್ಟಾದ ಕಡಲಿನ ಮೇಲೆ ಬೆಟ್ಟ, ಕಣಿವೆ, ಏರು, ಇಳಿಜಾರು! ಎಲ್ಲವೂ ವಾಸನೆಯದು!

ಡಿಎಂಎಸ್ ಹುಟ್ಟುವ ಬಗೆಯೂ ಅಷ್ಟೇ ಚೆಂದ. ಕಡಲಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ತೇಲುತ್ತವೆ. ಕ್ರಿಲ್ ಎಂಬ ಪುಟ್ಟ ಸೀಗಡಿಯಂಥ ಜೀವಿಗಳು ಅವನ್ನು ಮೇಯುತ್ತವೆ. ಜಗಿದಾಗ ಸಸ್ಯದ ಕೋಶ ಒಡೆದು ಈ ಗಂಧಕದ ಅನಿಲ ಗಾಳಿಗೆ ಸೇರುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ದಡಕ್ಕೆ ಬಂದೊಡನೆ ನಮಗೆ ಹತ್ತುವ ಕಡಲ ವಾಸನೆಯಲ್ಲೂ ಇದರ ಪಾಲಿದೆ. ಹಕ್ಕಿಗೆ ಅದು ‘ಇಲ್ಲಿ ಕ್ರಿಲ್ ಮೇಯುತ್ತಿದೆ, ಬಾ’ ಎಂಬ ಕರೆ. ನೆವಿಟ್ ದಕ್ಷಿಣ ಸಾಗರದಲ್ಲಿ ಡಿಎಂಎಸ್ ಬೆರೆಸಿದ ಅಡುಗೆ ಎಣ್ಣೆಯನ್ನು ನೀರಿನ ಮೇಲೆ ಹರಡಿದರು. ಪ್ರಿಯಾನ್‌ಗಳು, ಪೆಟ್ರೆಲ್‌ಗಳು ಹಾರಿ ಬಂದವು. 1995ರಲ್ಲಿ ‘ನೇಚರ್’ ಈ ಸುದ್ದಿಯನ್ನು ಲೋಕಕ್ಕೆ ಸಾರಿತು. ಇನ್ನೂ ಒಂದು ಸುತ್ತಿದೆ: ಕ್ರಿಲ್ ತಿಂದ ಹಕ್ಕಿಯ ಹಿಕ್ಕೆಯಿಂದ ಕಬ್ಬಿಣದ ಅಂಶ ಕಡಲಿಗೆ ಸೇರಿ, ಅದೇ ಸಸ್ಯಪ್ಲವಕಗಳಿಗೆ ಗೊಬ್ಬರವಾಗುತ್ತದೆ.

ಮೂರು ಮೀಟರು ದಾಟುವ ರೆಕ್ಕೆಯ ವಾಂಡರಿಂಗ್ ಆಲ್ಬಟ್ರಾಸ್ ಇನ್ನೊಂದು ಹೆಜ್ಜೆ ಮುಂದೆ. ಆನ್ರಿ ವೈಮರ್ಸ್ಕಿರ್ಶ್ ಜೊತೆಗೂಡಿ ನೆವಿಟ್ ತಂಡ ಕ್ರೋಜೆ ದ್ವೀಪದ ಆಲ್ಬಟ್ರಾಸ್‌ಗಳಿಗೆ ಜಿಪಿಎಸ್ ಕಟ್ಟಿತು. ಹೊಟ್ಟೆಗೆ ಉಷ್ಣಮಾಪಕ ನುಂಗಿಸಿತು. ತಣ್ಣನೆಯ ಬೇಟೆ ಒಳಗೆ ಬಿದ್ದ ಕ್ಷಣ ಅದರಲ್ಲಿ ದಾಖಲಾಗುತ್ತದೆ. 2008ರಲ್ಲಿ ಫಲಿತಾಂಶ ಬಂತು. ಹಕ್ಕಿ ಗಾಳಿಗೆ ಅಡ್ಡಲಾಗಿ ಹಾರುತ್ತಾ ಹೋಗುತ್ತದೆ. ವಾಸನೆಯ ಎಳೆ ತಾಗಿದೊಡನೆ ಸರಕ್ಕನೆ ಗಾಳಿಗೆ ಎದುರು ತಿರುಗುತ್ತದೆ. ಎಳೆ ತಪ್ಪಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ಮತ್ತೆ ಹಿಡಿಯುತ್ತದೆ. ಬೀದಿಯಲ್ಲಿ ಹೋಗುತ್ತಾ ಯಾರ ಮನೆಯ ಒಗ್ಗರಣೆ ಎಂದು ನಾವು ಮೂಗೆತ್ತಿ ಹುಡುಕುವಂತೆ! ಆದರೆ ನಮ್ಮ ಹುಡುಕಾಟ ನಾಲ್ಕು ಮನೆಯಾಚೆಗೆ ಮುಗಿಯುತ್ತದೆ. ಆಲ್ಬಟ್ರಾಸ್ ಬೇಟೆಯ ಸುಳಿವನ್ನು 20 ಕಿಲೋಮೀಟರು ದೂರದಿಂದಲೂ ಹಿಡಿಯಬಲ್ಲದು.

ಗಾಳಿಯೇ ದಾರಿ

ಊಟ ಸಿಕ್ಕಿತು, ಸರಿ. ಮನೆಗೆ ದಾರಿ? ಇಟಲಿಯ ಪೀಸಾ ವಿಶ್ವವಿದ್ಯಾಲಯದ ಫ್ಲೊರಿಯಾನೊ ಪಾಪಿ ಮತ್ತು ಸಂಗಡಿಗರು 1970ರ ದಶಕದ ಶುರುವಿನಲ್ಲಿ ಅಂಚೆ ಪಾರಿವಾಳಗಳ ಘ್ರಾಣನರವನ್ನು ಕತ್ತರಿಸಿ ದೂರದಲ್ಲಿ ಬಿಟ್ಟರು. ಗೊತ್ತಿಲ್ಲದ ಜಾಗದಿಂದ ಅವು ಮನೆಗೆ ಬರಲಾರದೆ ಹೋದವು. ಗೂಡಿನಲ್ಲಿ ಕೂತಿದ್ದಾಗಲೇ ಪಾರಿವಾಳ ಪಾಠ ಕಲಿಯುತ್ತದೆ: ಈ ದಿಕ್ಕಿನ ಗಾಳಿಗೆ ಈ ವಾಸನೆ, ಆ ದಿಕ್ಕಿನ ಗಾಳಿಗೆ ಆ ವಾಸನೆ. ಅಪರಿಚಿತ ಊರಲ್ಲಿ ಬಿಟ್ಟರೆ ಅಲ್ಲಿನ ಗಾಳಿ ಮೂಸಿ, ‘ನಾನು ಮನೆಯಿಂದ ಯಾವ ದಿಕ್ಕಿಗೆ ಬಂದಿದ್ದೇನೆ’ ಎಂದು ತಿಳಿಯುತ್ತದೆ. ಈ ಮಾತಿನ ಮೇಲೆ ವಿಜ್ಞಾನಿಗಳ ನಡುವೆ ದಶಕಗಟ್ಟಲೆ ವಾಗ್ವಾದ ನಡೆಯಿತು. ಭೂಮಿಯ ಅಯಸ್ಕಾಂತ ಶಕ್ತಿಯೇ ದಾರಿ ತೋರುತ್ತದೆ ಎಂದವರು ಬಹಳ ಮಂದಿ.

ಪೀಸಾದವರೇ ಆದ ಆನ್ನಾ ಗಲ್ಯಾರ್ದೊ ಎರಡನ್ನೂ ಒರೆಗೆ ಹಚ್ಚಿದರು. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ 24 ಶಿಯರ್‌ವಾಟರ್ ಹಕ್ಕಿಗಳನ್ನು ಹಡಗಿನಲ್ಲಿ 800 ಕಿಲೋಮೀಟರು ದೂರ ಸಾಗಿಸಿದರು. ಕೆಲವಕ್ಕೆ ಅಯಸ್ಕಾಂತದ ತುಣುಕು ಕಟ್ಟಿ ಆ ಇಂದ್ರಿಯ ಕೆಡಿಸಿದರು. ಕೆಲವಕ್ಕೆ ಮೂಗನ್ನು ಮಂಕಾಗಿಸಿದರು. ಉಳಿದವನ್ನು ಹಾಗೇ ಬಿಟ್ಟರು. ಕಡಲ ನಡುವೆ ದಡದ ಗುರುತೇ ಇಲ್ಲ. ಅಯಸ್ಕಾಂತ ಹೊತ್ತ ಹಕ್ಕಿಗಳು ನೇರವಾಗಿ ಮನೆಯ ಕಡೆ ಹೊರಟವು. ಮೂಗು ಮಂಕಾದವು ಸಾಗರದ ಮೇಲೆ ದಿಕ್ಕುಗೆಟ್ಟು ಅಲೆದವು. 2013ರಲ್ಲಿ ಪ್ರಕಟವಾದ ಆ ಹಾರಾಟದ ನಕ್ಷೆ ನೋಡಿದರೆ ಮನಸ್ಸು ಕಲಕುತ್ತದೆ: ಒಂದು ಕಡೆ ಮನೆಗೆ ಹೊರಟ ಗೆರೆಗಳು, ಇನ್ನೊಂದು ಕಡೆ ಕಡಲ ತುಂಬ ಸಿಕ್ಕುಸಿಕ್ಕಾದ ಗೆರೆಗಳು.

ಕಿತ್ತಳೆಯ ಘಮ, ಕೊಳೆತ ನಾತ

ಹಕ್ಕಿಗಳು ವಾಸನೆ ಹುಡುಕುವುದಷ್ಟೇ ಅಲ್ಲ, ವಾಸನೆ ಬೀರುತ್ತವೆ ಕೂಡ! ಅಲಾಸ್ಕದ ಕಡಲಬಂಡೆಗಳ ಮೇಲೆ ಕ್ರೆಸ್ಟೆಡ್ ಆಕ್ಲೆಟ್ ಎಂಬ ಜುಟ್ಟಿನ ಹಕ್ಕಿಗಳ ದೊಡ್ಡ ವಸಾಹತುಗಳಿವೆ. ಹತ್ತಿರ ಹೋದರೆ ಗಾಳಿಯ ತುಂಬ ಕಿತ್ತಳೆ ಸಿಪ್ಪೆ ಸುಲಿದ ಘಮ! ಒಲಿದ ಗಂಡು ಹೆಣ್ಣು ಪರಸ್ಪರರ ಕತ್ತಿನ ಗರಿಗಳೊಳಗೆ ಕೊಕ್ಕು ಹುದುಗಿಸಿ ಮೂಸುತ್ತವೆ. ಜೂಲಿ ಹ್ಯಾಗೆಲಿನ್ ಮತ್ತು ಜೊತೆಗಾರರು ಈ ಘಮ ಅವುಗಳ ಸಂಗಕ್ಕೆ ಸೇರಿದ್ದು ಎಂದು 2003ರಲ್ಲಿ ತೋರಿಸಿದರು.

ಹಕ್ಕಿ ಬಾಲದ ಬುಡಕ್ಕೆ ಕೊಕ್ಕು ತಾಗಿಸಿ ಆಮೇಲೆ ಗರಿ ತೀಡಿಕೊಳ್ಳುವುದನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲೊಂದು ಎಣ್ಣೆಯ ಗ್ರಂಥಿಯಿದೆ. ಹಕ್ಕಿಯ ಮೈವಾಸನೆಯ ಮುಖ್ಯ ಮೂಲ ಅದೇ. ಅಮೆರಿಕದ ಜಂಕೊ ಎಂಬ ಪುಟ್ಟ ಹಕ್ಕಿಗಳ ಮೇಲೆ ಡೇನಿಯೆಲ್ ವಿಟೇಕರ್ ನಡೆಸಿದ ಅಧ್ಯಯನ ಇನ್ನೂ ಒಳಕ್ಕೆ ಹೋಯಿತು: ಆ ಗ್ರಂಥಿಯ ಬ್ಯಾಕ್ಟೀರಿಯಾಗಳೂ ವಾಸನೆ ತಯಾರಿಯಲ್ಲಿ ಪಾಲುದಾರರು. ಹಕ್ಕಿಯೊಳಗಿನ ಜೀವಾಣುಗಳು ಹಕ್ಕಿಯ ಗುರುತನ್ನೇ ಬರೆಯುತ್ತಿವೆ!

ನಮ್ಮ ತೋಟ, ಬಯಲು, ಹಳೆ ಗೋಡೆಗಳ ಚಂದ್ರಮುಕುಟವನ್ನೇ ನೋಡಿ. ತಲೆಯ ಮೇಲೆ ಬೀಸಣಿಗೆ ಬಿಚ್ಚುವ ಆ ಚೆಲುವೆ ಪೊಟರೆಯೊಳಗೆ ಕಾವು ಕೂತಾಗ ಅದೇ ಗ್ರಂಥಿಯಿಂದ ಕಂದುಬಣ್ಣದ, ಗಬ್ಬು ನಾರುವ ದ್ರವ ಸುರಿಸುತ್ತಾಳೆ. ಸ್ಪೇನಿನ ವಿಜ್ಞಾನಿಗಳು ಅದರಲ್ಲಿ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕಂಡರು. ತಾಯಿ ಆ ದ್ರವವನ್ನು ಮೊಟ್ಟೆಗಳಿಗೆ ಬಳಿಯುತ್ತಾಳೆ. ಮೊಟ್ಟೆಯ ಚಿಪ್ಪಿನ ಮೇಲೆ ಅದು ನಿಲ್ಲುವಂತೆ ಸೂಕ್ಷ್ಮ ಕುಳಿಗಳೇ ಇವೆ! ತಿಳಿನೀಲಿ ಮೊಟ್ಟೆ ಕ್ರಮೇಣ ಕಂದುಹಸಿರಾಗುತ್ತದೆ. ರೋಗಾಣು ಒಳಹೊಕ್ಕು ಮರಿಯನ್ನು ಕೊಲ್ಲದಂತೆ ಅದು ಕಾವಲು.

ಇದಕ್ಕೆ ನೇರ ವಿರುದ್ಧ, ಕಡಲತೀರದ ರೆಡ್ ನಾಟ್ ಹಕ್ಕಿ. ಬಯಲು ನೆಲದಲ್ಲಿ ಕಾವು ಕೂರುವ ಕಾಲಕ್ಕೆ ಅದು ಗರಿಯೆಣ್ಣೆಯ ರಸಾಯನವನ್ನೇ ಬದಲಿಸಿಕೊಳ್ಳುತ್ತದೆ. ಸುಲಭವಾಗಿ ಆವಿಯಾಗದ ಮೇಣ ತಯಾರಿಸುತ್ತದೆ. ಡಚ್ ವಿಜ್ಞಾನಿಗಳು ತರಬೇತಾದ ನಾಯಿಯನ್ನು ಮೂಸಲು ಬಿಟ್ಟರೆ, ಆ ಮೇಣವನ್ನು ಪತ್ತೆ ಮಾಡುವುದು ನಾಯಿಗೂ ಕಷ್ಟವಾಯಿತು. ನರಿಗೆ ಸುಳಿವು ಸಿಗದಂತೆ ಕಾವು ಕೂತ ಹಕ್ಕಿ ತನ್ನ ವಾಸನೆಯನ್ನೇ ಅಡಗಿಸುತ್ತದೆ.

ಇಲ್ಲೊಂದು ಮಾತು. ಗೂಡಿನಿಂದ ಬಿದ್ದ ಗುಬ್ಬಿಮರಿಯನ್ನು ಮನುಷ್ಯರು ಮುಟ್ಟಿದರೆ ಉಳಿದ ಗುಬ್ಬಿಗಳು ಸೇರಿಸಿಕೊಳ್ಳುವುದಿಲ್ಲ, ಕುಕ್ಕಿ ಕೊಲ್ಲುತ್ತವೆ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಹಕ್ಕಿಗೆ ಮೂಗಿದೆ ಎಂದು ತಿಳಿದ ಮೇಲೆ ಆ ಮಾತು ನಿಜವೇನೋ ಅನ್ನಿಸಬಹುದು. ಅಲ್ಲ. ನಮ್ಮ ಕೈವಾಸನೆಗೆ ಹೆದರಿ ತಾಯಿಹಕ್ಕಿ ಮರಿಯನ್ನು ತೊರೆಯುವುದಿಲ್ಲ. ರೆಕ್ಕೆ ಬಲಿಯದ ಮರಿ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿಗೆ ಇಟ್ಟುಬಿಡಿ.

ಎಲೆ ಕೂಗಿತು, ಹಕ್ಕಿ ಬಂತು

ಘ್ರಾಣಕಂದ ಶೇಕಡ 3ರಷ್ಟೇ ಇರುವ ಪುಟ್ಟ ಹಾಡುಹಕ್ಕಿಗಳ ಕಥೆ? ಅಲ್ಲೂ ಬೆರಗೇ ಕಾದಿತ್ತು! ಯುರೋಪಿನ ಗ್ರೇಟ್ ಟಿಟ್ ನಮ್ಮ ಚೇಕಡಿಯ ಹತ್ತಿರದ ಬಂಧು. ಸೇಬಿನ ಗಿಡಕ್ಕೆ ಕಂಬಳಿಹುಳು ಬಿದ್ದಾಗ ಎಲೆಗಳಿಂದ ಒಂದು ಬಗೆಯ ವಾಸನೆ ಹೊಮ್ಮುತ್ತದೆ. ಲುಯಿಸಾ ಆಮೊ ಮತ್ತು ಸಂಗಡಿಗರು ಹುಳುಗಳನ್ನೂ ಹುಳು ತಿಂದ ಎಲೆಗಳನ್ನೂ ತೆಗೆದುಹಾಕಿ ಹಕ್ಕಿಗಳನ್ನು ಬಿಟ್ಟರು. ಕಣ್ಣಿಗೆ ಸುಳಿವೇ ಇಲ್ಲ. ಆದರೂ ಹಕ್ಕಿಗಳು ಹುಳು ಬಿದ್ದಿದ್ದ ಗಿಡವನ್ನೇ ಆರಿಸಿದವು. ಗಿಡದ ಸಂಕಟ ಹಕ್ಕಿಯ ಮೂಗಿಗೆ ಮುಟ್ಟಿತ್ತು.

ಕಾರ್ಸಿಕಾ ದ್ವೀಪದ ನೀಲಿ ಟಿಟ್‌ಗಳು ಲ್ಯಾವೆಂಡರ್, ಪುದೀನದಂಥ ಸುಗಂಧದ ಸೊಪ್ಪನ್ನು ತಂದು ಗೂಡಿಗೆ ಹಾಸುತ್ತವೆ. ಸಂಶೋಧಕರು ಸೊಪ್ಪು ತೆಗೆದರೆ ತಡಮಾಡದೆ ಹೊಸದು ತರುತ್ತವೆ. ಜರ್ಮನಿಯಲ್ಲಿ ಬಿಳಿ ಕೊಕ್ಕರೆಗಳು ಹುಲ್ಲು ಕೊಯ್ದ ಹೊಲಕ್ಕೆ ಕಪ್ಪೆ, ಇಲಿ ಹಿಡಿಯಲು ಹಾರಿ ಬರುತ್ತವೆ. 2021ರಲ್ಲಿ ಮಾರ್ಟಿನ್ ವಿಕೆಲ್ಸ್ಕಿ ಮತ್ತು ಬಳಗ ಗಮನಿಸಿದ್ದು: ಬರುವವು ವಾಸನೆ ಬೀಸಿ ಹೋಗುವ ದಿಕ್ಕಿನಲ್ಲಿದ್ದ ಕೊಕ್ಕರೆಗಳು ಮಾತ್ರ. ಹುಲ್ಲಿನ ಹಸಿವಾಸನೆಯ ರಾಸಾಯನಿಕವನ್ನಷ್ಟೇ ಸಿಂಪಡಿಸಿದರೂ ಅವು ಬಂದಿಳಿದವು. ನಮ್ಮ ಕಾಡುಗಳಲ್ಲೂ ಕಾಣುವ ಜೇನುಗಿಡುಗ ತೈವಾನಿನ ಜೇನುಸಾಕಣೆ ತಾಣಗಳಲ್ಲಿ ಪರಾಗದ ಉಂಡೆಯನ್ನು ಮೂಗಿನಿಂದಲೂ ಗುರುತಿಸುತ್ತದೆ ಎಂದು 2015ರ ಅಧ್ಯಯನ ತಿಳಿಸಿತು.

ನಾವು ಕಡಲಿಗೆ ಬಿಟ್ಟ ಸುಳ್ಳು ವಾಸನೆ

ಇಷ್ಟೆಲ್ಲ ತಿಳಿದ ಮೇಲೆ ಎದೆ ಹಿಂಡುವ ಸಂಗತಿಯೊಂದು ಬೆಳಕಿಗೆ ಬಂತು. ಆಲ್ಬಟ್ರಾಸ್, ಪೆಟ್ರೆಲ್‌ಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಗುವುದು ಹೊಸ ಸುದ್ದಿಯಲ್ಲ. ಕಣ್ಣು ಮೋಸಹೋಗಿ ನುಂಗುತ್ತವೆ ಎಂದೇ ಎಲ್ಲರೂ ತಿಳಿದಿದ್ದರು. ಮ್ಯಾಥ್ಯೂ ಸವೋಕಾ ಮತ್ತು ನೆವಿಟ್ ಮೂಗಿನ ಕಡೆಯಿಂದ ಪ್ರಶ್ನೆ ಕೇಳಿದರು. ಚೀಲ, ಡಬ್ಬಿ, ಮುಚ್ಚಳ ಮಾಡುವ ಮೂರು ಬಗೆಯ ಪ್ಲಾಸ್ಟಿಕ್ಕಿನ ಮಣಿಗಳನ್ನು ಜಾಲರಿಯಲ್ಲಿ ಹಾಕಿ ಕ್ಯಾಲಿಫೋರ್ನಿಯಾದ ಕಡಲಲ್ಲಿ ಸುಮಾರು ಮೂರು ವಾರ ತೇಲಿಬಿಟ್ಟರು. ಪಾಚಿ ಹತ್ತಿದ ಮಣಿಗಳನ್ನು ದ್ರಾಕ್ಷಾರಸದ ವಾಸನೆ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಒಯ್ದರು. ಹೊಸ ಪ್ಲಾಸ್ಟಿಕ್ಕಿನಲ್ಲಿ ಇಲ್ಲದ್ದು ಇದರಲ್ಲಿತ್ತು: ಡಿಎಂಎಸ್! ‘ಇಲ್ಲಿ ಊಟವಿದೆ’ ಎಂದು ಕಡಲು ಹೇಳುವ ಅದೇ ವಾಸನೆ. 2016ರ ಆ ಅಧ್ಯಯನದ ಪ್ರಕಾರ ಡಿಎಂಎಸ್ ಹಿಂದೆ ಹೋಗುವ ಹಕ್ಕಿಗಳು ಉಳಿದವಕ್ಕಿಂತ ಸುಮಾರು ಆರು ಪಟ್ಟು ಹೆಚ್ಚು ಸಲ ಪ್ಲಾಸ್ಟಿಕ್ ನುಂಗುತ್ತವೆ. ಆ ಹಕ್ಕಿಗಳ ಮೂಗು ತಪ್ಪು ಮಾಡುತ್ತಿಲ್ಲ. ವಂಶಪಾರಂಪರ್ಯವಾಗಿ ಅನ್ನ ತೋರಿಸಿದ ವಾಸನೆಗೆ ನಾವು ವಿಷ ಬೆರೆಸಿದ್ದೇವೆ. ನಮ್ಮ ರಾಜಕಾಲುವೆಯಲ್ಲಿ ತೇಲಿಹೋದ ಒಂದು ಚೀಲವೂ ನದಿ ದಾಟಿ ಆ ಕಡಲನ್ನು ಸೇರಬಹುದು.

ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಕರ್ನಾಟಕದಲ್ಲೇ 500ಕ್ಕೂ ಮಿಕ್ಕಿ. ಇವುಗಳಲ್ಲಿ ಮೂಗಿನ ಪರೀಕ್ಷೆ ಆಗಿರುವುದು ಬೆರಳೆಣಿಕೆಯಷ್ಟಕ್ಕೆ. ಉಳಿದವುಗಳ ಮೂಗು ಏನೇನು ಬಲ್ಲದೋ! ಕನ್ನಡ ನಾಡಿನ ಊರೂರಲ್ಲೂ ಈಗ ಹಕ್ಕಿ ನೋಡುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆಲ್ಲ ಒಂದು ಕೋರಿಕೆ. ಹಕ್ಕಿಯ ಹೆಸರು, ಜಾಗ, ಹೊತ್ತು ಬರೆದುಕೊಳ್ಳುವಾಗ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎಂದೂ ಬರೆದುಕೊಳ್ಳಿ. ಹಕ್ಕಿ ಗಾಳಿಗೆ ಎದುರಾಗಿ ಬಂತೇ ನೋಡಿ. ಕೊಕ್ಕರೆಯ ಗುಟ್ಟು, ಆಲ್ಬಟ್ರಾಸಿನ ಗುಟ್ಟು ಎರಡೂ ಬಯಲಾಗಲು ಆ ಒಂದು ಸಾಲಿನ ಮಾಹಿತಿಯೂ ಬೇಕಾಗಿತ್ತು.